ಸೆರೆಮನೆಯೊಳಗೆ ಹೆಸರಿನ ತೂಕ

2024ರ ಆಗಸ್ಟ್ 25, ಭಾನುವಾರ. ಒಂದು ಫೋಟೋ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಯ ಮೊಬೈಲುಗಳಲ್ಲೆಲ್ಲ ಹರಿದಾಡಿತು. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ನಟ ದರ್ಶನ್ ಕುಳಿತಿದ್ದರು. ಒಂದು ಕೈಯಲ್ಲಿ ಕಾಫಿಯ ಮಗ್ಗು, ಇನ್ನೊಂದರಲ್ಲಿ ಸಿಗರೇಟು, ಪಕ್ಕದಲ್ಲಿ ರೌಡಿ ಪಟ್ಟಿಯಲ್ಲಿ ಹೆಸರಿರುವವನೊಬ್ಬ. ಕೊಲೆ ಪ್ರಕರಣವೊಂದರ ಆರೋಪಿಯಾಗಿ ಅವರ ಬಂಧನವಾಗಿ ಆಗ ಎರಡೂವರೆ ತಿಂಗಳಾಗಿತ್ತು. ಜೈಲಿನ ಅಧಿಕಾರಿಗಳು ಅಮಾನತಾದರು. ನಾಲ್ಕೇ ದಿನದಲ್ಲಿ ದರ್ಶನ್ ಅವರನ್ನು ಬಳ್ಳಾರಿ ಜೈಲಿಗೆ ಸಾಗಿಸಲಾಯಿತು.

ಇದು ನಮ್ಮ ಸೀಮೆಗೆ ದೂರದ ಸುದ್ದಿ ಆಗಿರಲಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದ ಅಭ್ಯರ್ಥಿ ಸುಮಲತಾ ಅವರ ಪರವಾಗಿ ಬಿಸಿಲಲ್ಲಿ ತೆರೆದ ವಾಹನದ ಮೇಲೆ ನಿಂತು ಊರೂರು ಸುತ್ತಿದ ‘ಜೋಡೆತ್ತು’ಗಳಲ್ಲಿ ಒಬ್ಬರು ಅವರು. ಹಾಗಾಗಿ ಇಲ್ಲಿನ ಮಾತು ಎರಡು ಪಾಲಾಯಿತು. ‘ಜೈಲಂದ್ರೆ ಎಲ್ಲಾರ್ಗೂ ಒಂದೇ ಆಗ್ಬೇಕಲ್ವಾ, ಇವ್ರಿಗೇನು ಬ್ಯಾರೆ’ ಎಂದರು ಕೆಲವರು. ‘ಒಂದು ಕಾಪಿ ಕುಡುದ್ರೆ ಏನು ಮುಳ್ಗೋಯ್ತು’ ಎಂದರು ಇನ್ನು ಕೆಲವರು. ಈ ಜಗಳ ನಿನ್ನೆ ಮೊನ್ನೆಯದಲ್ಲ. ಹೆಸರುಳ್ಳವರು ಸೆರೆ ಸೇರಿದಾಗ ಅವರನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಪ್ರಶ್ನೆಗೆ ಎರಡು ಶತಮಾನ ಮೀರಿದ ಚರಿತ್ರೆಯಿದೆ. ಅದರ ಒಂದು ತುದಿ ನಮ್ಮ ಜಿಲ್ಲೆಯಲ್ಲೇ ಇದೆ.

ನಮ್ಮ ಶಿವನಸಮುದ್ರದ ಬ್ಲಫ್‌ನಲ್ಲಿ ಧುಮುಕುವ ಕಾವೇರಿಯ ದಂಡೆ ಹಿಡಿದು ಮೇಲಕ್ಕೆ ನಡೆದರೆ ಶ್ರೀರಂಗಪಟ್ಟಣ. ರಂಗನಾಥಸ್ವಾಮಿ ದೇವಸ್ಥಾನದ ಆಚೆ, ಕೋಟೆಗೋಡೆಗೆ ಆತುಕೊಂಡಂತೆ, ಇಟ್ಟಿಗೆ ಗಾರೆಯ ಕಮಾನುಗಳ ತಗ್ಗಾದ ಸೆರೆಮನೆಯೊಂದಿದೆ. 1780ರ ಪೊಲ್ಲಿಲೂರು ಯುದ್ಧದಲ್ಲಿ ಸೋತು ಸೆರೆಸಿಕ್ಕ ಕರ್ನಲ್ ಬೈಲಿ 1782ರಲ್ಲಿ ಇದೇ ಪಟ್ಟಣದ ಸೆರೆಯಲ್ಲಿ ಸತ್ತ. ಆ ಜಾಗಕ್ಕೆ ಅವನ ಹೆಸರೇ ನಿಂತಿದೆ. ಅದೇ ಯುದ್ಧದಲ್ಲಿ ಗಾಯಗೊಂಡು ಸಿಕ್ಕ ಡೇವಿಡ್ ಬೇರ್ಡ್ ಎಂಬ ಯುವ ಅಧಿಕಾರಿ 1784ರ ಒಪ್ಪಂದದವರೆಗೆ ಸರಪಳಿಯಲ್ಲಿ ದಿನ ಕಳೆದ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟ ಸೇನೆಯ ಮುಂದಾಳು ಅವನೇ. ಟಿಪ್ಪು ಮಡಿದ ಮೇಲೆ ಕಂಪನಿ ಸರಕಾರ ಅವನ ಮಕ್ಕಳನ್ನು ವೆಲ್ಲೂರು ಕೋಟೆಯಲ್ಲಿಟ್ಟಿತು. ಅವರಿಗೆ ಬೇಡಿಯಿರಲಿಲ್ಲ. ಪಿಂಚಣಿ, ಪರಿವಾರ, ಆಳುಕಾಳು ಎಲ್ಲ ಇತ್ತು. 1806ರ ಜುಲೈನಲ್ಲಿ ವೆಲ್ಲೂರಿನ ಸಿಪಾಯಿಗಳು ದಂಗೆಯೆದ್ದ ಬಳಿಕ ಅವರನ್ನು ಕಲ್ಕತ್ತೆಗೆ ಕಳಿಸಿದರು.

ಗಮನಿಸಿ: ಅಂದು ಸೆರೆಯಾಳಿನ ಪಾಡನ್ನು ನಿರ್ಧರಿಸುತ್ತಿದ್ದದ್ದು ಆಳುವವನ ಸಿಟ್ಟು, ಇಲ್ಲವೇ ಅವನ ಲೆಕ್ಕಾಚಾರ. ಬೇಡಿ ಹಾಕಿದರೂ ಪಿಂಚಣಿ ಕೊಟ್ಟರೂ ಅದರ ಹಿಂದೆ ನಿಯಮವೆಂಬುದು ಇರಲಿಲ್ಲ.

ನಿಯಮ ಬಂದದ್ದು ಬ್ರಿಟಿಷರ 1894ರ ಕಾರಾಗೃಹ ಕಾಯ್ದೆಯ ಹೊತ್ತಿಗೆ. ಕೈದಿಗೆ ಏನು ಊಟ, ಎಷ್ಟು ದುಡಿಮೆ, ತಪ್ಪಿದರೆ ಯಾವ ಶಿಕ್ಷೆ ಎಂಬುದೆಲ್ಲ ಕಾಗದಕ್ಕೆ ಇಳಿಯಿತು. ಶಿಕ್ಷೆಯಾಗದ ಕೈದಿ ಹೊರಗಿನಿಂದ ಊಟ, ಬಟ್ಟೆ, ಹಾಸಿಗೆ ತರಿಸಿಕೊಳ್ಳಲು ಅವಕಾಶವೂ ಅದರಲ್ಲಿತ್ತು. ಆದರೆ ಹೆಸರಿನ ತೂಕ ಕಾನೂನಿನ ಪುಸ್ತಕದೊಳಗೇ ಸೇರಿಕೊಂಡದ್ದು ಆಮೇಲೆ, ಅದೂ ಒಂದು ಮಹಾತ್ಯಾಗದ ಬೆನ್ನಿಗೆ.

1929ರಲ್ಲಿ ಲಾಹೋರ್ ಜೈಲಿನಲ್ಲಿ ಭಗತ್ ಸಿಂಗ್ ಮತ್ತು ಸಂಗಾತಿಗಳು ಉಪವಾಸ ಹೂಡಿದರು. ರಾಜಕೀಯ ಕೈದಿಗಳನ್ನು ಮನುಷ್ಯರಂತೆ ನಡೆಸಿಕೊಳ್ಳಿ, ತಿನ್ನುವಂಥ ಅನ್ನ ಕೊಡಿ, ಓದಲು ಪುಸ್ತಕ ಕೊಡಿ ಎಂಬುದು ಅವರ ಬೇಡಿಕೆ. ಜತೀಂದ್ರನಾಥ ದಾಸ್ 63 ದಿನ ಅನ್ನವಿಲ್ಲದೆ ಇದ್ದು ಸೆಪ್ಟೆಂಬರ್ 13ರಂದು ಪ್ರಾಣಬಿಟ್ಟರು. ದೇಶ ಮರುಗಿತು. ಸರಕಾರ 1930ರಲ್ಲಿ ಕೈದಿಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆ ಮಾಡಿತು. ಆದರೆ ಆ ದರ್ಜೆಗೆ ಅಳತೆಗೋಲು ಯಾವುದು? ಹೋರಾಟದ ಉದ್ದೇಶವನ್ನು ಅದು ಲೆಕ್ಕಕ್ಕೆ ಹಿಡಿಯಲಿಲ್ಲ. ಕೈದಿಯ ಸಾಮಾಜಿಕ ಸ್ಥಾನಮಾನ, ವಿದ್ಯೆ, ರೂಢಿಯ ಜೀವನಮಟ್ಟ ನೋಡಿ ದರ್ಜೆ ಕೊಟ್ಟಿತು. ಒಂದೇ ಸತ್ಯಾಗ್ರಹದಲ್ಲಿ ಸೆರೆಹೋದರೂ ವಕೀಲರಿಗೆ ಮೇಲಿನ ದರ್ಜೆ ಸಿಕ್ಕೀತು, ಅವರ ಪಕ್ಕದಲ್ಲೇ ನಿಂತು ಲಾಠಿಯೇಟು ತಿಂದ ರೈತನಿಗೆ ಸಿ ದರ್ಜೆ. ಎಲ್ಲರ ಮರ್ಯಾದೆಗಾಗಿ ಒಬ್ಬ ಜೀವ ತೆತ್ತ. ಆ ಮರ್ಯಾದೆ ಅಂತಸ್ತು ಉಳ್ಳವರ ಪಾಲಾಯಿತು. ಇಂದು ನಾವು ರಾಜಾತಿಥ್ಯ ಎಂದು ಕರೆಯುವುದರ ಬೇರು ಅಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಹೆಸರುಳ್ಳವರು, ಹೆಸರಿಲ್ಲದವರು ಎಂಬ ಈ ಭೇದ ನಮ್ಮಲ್ಲೂ ಇತ್ತು. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆ ಮುರಿದು ಟಿ. ಸಿದ್ದಲಿಂಗಯ್ಯನವರ ಮುಂದಾಳ್ತನದಲ್ಲಿ ರಾಷ್ಟ್ರಧ್ವಜ ಹಾರಿದಾಗ, ಮುಖಂಡರು ಒಬ್ಬರ ಹಿಂದೊಬ್ಬರು ಬಂಧನಕ್ಕೊಳಗಾದರು. ಧ್ವಜ ಸತ್ಯಾಗ್ರಹಕ್ಕೆ ಸೇರಿದ ಸಾವಿರಾರು ಹಳ್ಳಿಗರ ಹೆಸರು ಎಲ್ಲೂ ಇಲ್ಲ. ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ಹಾದುಹೋಗುವಾಗ ನಾವು ನೆನೆಯಬೇಕಾದ್ದು ಅವರನ್ನೂ.

ಸ್ವಾತಂತ್ರ್ಯ ಬಂತು, ಜೈಲಿನ ರೂಢಿ ಉಳಿಯಿತು. ಬೆಂಗಳೂರಿನಲ್ಲಿ ಇಂದು ಫ್ರೀಡಂ ಪಾರ್ಕ್ ಆಗಿರುವ ಜಾಗವೇ ಹಿಂದಿನ ಸೆಂಟ್ರಲ್ ಜೈಲು. 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಅವರನ್ನು ತುರ್ತುಪರಿಸ್ಥಿತಿಯಲ್ಲಿ ಬಂಧಿಸಿ ಅಲ್ಲಿಟ್ಟರು. ಅವರಿಗೆ ಓದಲು, ಬರೆಯಲು ಅವಕಾಶವಿತ್ತು. ಆಡ್ವಾಣಿಯವರ ಸೆರೆಮನೆಯ ದಿನಚರಿ ಮುಂದೆ ಪುಸ್ತಕವಾಯಿತು.

ಅದೇ ಜೈಲಿಗೆ ಮರುವರ್ಷ ಮೇ ತಿಂಗಳಲ್ಲಿ ಇನ್ನೊಬ್ಬರು ಬಂದರು. ‘ಸಂಸ್ಕಾರ’ ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ. ಉಬ್ಬಸದ ರೋಗಿ. ತುರ್ತುಪರಿಸ್ಥಿತಿಯ ವಿರೋಧಿಗಳ ಮೇಲೆ ಹೂಡಿದ ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಹಿಡಿದರೂ ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಆದರೂ ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಮೀಸಾ ಕಾಯ್ದೆಯಡಿ ತಿಂಗಳುಗಟ್ಟಲೆ ಒಳಗಿಟ್ಟರು. ಉಸಿರು ಕಟ್ಟುವ ರಾತ್ರಿಗಳಲ್ಲಿ ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಅಷ್ಟಾದರೂ ಆಕೆ ತನಗಾಗಿ ಬೇರೆ ಊಟ ಕೇಳುತ್ತ ಕೂರಲಿಲ್ಲ. ಹೆಣ್ಣು ಕೈದಿಗಳಿಗೆ ಬೀಳುತ್ತಿದ್ದ ಹೊಡೆತದ ವಿರುದ್ಧ, ಅವರಿಗೆ ಹಾಕುತ್ತಿದ್ದ ಕೆಟ್ಟ ಊಟದ ವಿರುದ್ಧ ದನಿಯೆತ್ತಿದರು. 1977ರ ಜನವರಿ 15ರಂದು, ದೇಹ ಪೂರ್ತಿ ಸೋತ ಮೇಲೆ, ಪೆರೋಲಿನಲ್ಲಿ ಹೊರಬಿಟ್ಟರು. ಐದೇ ದಿನಕ್ಕೆ, ಜನವರಿ 20ರಂದು, ತೀರಿಕೊಂಡರು. ತನ್ನ ಹೆಸರಿನ ತೂಕವನ್ನು ಹೆಸರಿಲ್ಲದ ಹೆಂಗಸರ ಕಡೆಗೆ ಹಾಕಿದ ಸೆರೆಯಾಳು ಅವರು. ಕನ್ನಡ ಚಿತ್ರರಂಗದ ಹೆಸರು ಜೈಲಿನ ಜೊತೆ ಕೇಳಿಬಂದಾಗಲೆಲ್ಲ ನಾವು ಮೊದಲು ನೆನೆಯಬೇಕಾದವರು.

ಈಗ ಕುಖ್ಯಾತರ ಕಡೆ ತಿರುಗೋಣ. ವಿದೇಶಿ ಪ್ರವಾಸಿಗರನ್ನು ವಂಚಿಸಿ ಕೊಂದ ಚಾರ್ಲ್ಸ್ ಶೋಭರಾಜ್ ದೆಹಲಿಯ ತಿಹಾರ್ ಜೈಲಿನಲ್ಲಿದ್ದ. ಆರಂಭದಲ್ಲಿ ಅವನ ಕಾಲಿಗೆ ಹಗಲೂ ರಾತ್ರಿ ಕಬ್ಬಿಣದ ಕೋಳ. ಮರಣದಂಡನೆಯ ಕೈದಿ ಸುನಿಲ್ ಬಾತ್ರಾ ಮತ್ತು ಶೋಭರಾಜ್ ಇಬ್ಬರ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ಪೀಠದಲ್ಲಿದ್ದರು. ಜೈಲಿನ ಬಾಗಿಲು ಮುಚ್ಚಿದ ಮಾತ್ರಕ್ಕೆ ಸಂವಿಧಾನದ ಹಕ್ಕುಗಳು ಹೊರಗೇ ಉಳಿಯುವುದಿಲ್ಲ ಎಂಬುದು ಅದರ ಸಾರ. ಕೋಳ ಕಳಚಿತು. ಮುಂದೆ ಅದೇ ಶೋಭರಾಜ್ ತಿಹಾರಿನಲ್ಲಿ ಸಿಬ್ಬಂದಿಯನ್ನು ಕೈವಶ ಮಾಡಿಕೊಂಡು ಸುಖವಾಗಿದ್ದ. 1986ರ ಮಾರ್ಚ್ 16ರಂದು ಹುಟ್ಟುಹಬ್ಬದ ನೆಪ ಹೇಳಿ ಕಾವಲುಗಾರರಿಗೆ ಮತ್ತಿನ ಮದ್ದು ಬೆರೆಸಿದ ಸಿಹಿ ತಿನ್ನಿಸಿ ಬಾಗಿಲಿನಿಂದಲೇ ನಡೆದುಹೋದ. ತಿಂಗಳೊಳಗೆ ಗೋವಾದಲ್ಲಿ ಸಿಕ್ಕಿಬಿದ್ದ.

ನಮ್ಮಲ್ಲೂ ಹಾಗೆಯೇ ಆಗಿದೆ. ಹೆಂಗಸರ ಮೇಲೆ ಅತ್ಯಾಚಾರ, ಕೊಲೆ ನಡೆಸಿದ ಉಮೇಶ್ ರೆಡ್ಡಿಗೆ ಗಲ್ಲುಶಿಕ್ಷೆಯಾಗಿತ್ತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವನನ್ನು ಸುಮಾರು 10 ವರ್ಷ ಕಾನೂನಿಗೆ ವಿರುದ್ಧವಾಗಿ ಒಂಟಿಸೆರೆಯಲ್ಲಿ ಇಟ್ಟಿದ್ದರು. ಆ ಕಾರಣಕ್ಕೇ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಗಲ್ಲನ್ನು ಕನಿಷ್ಠ 30 ವರ್ಷಗಳ ಸೆರೆಗೆ ಇಳಿಸಿತು. ಮೂರು ವರ್ಷ ಕಳೆದು, 2025ರ ನವೆಂಬರ್‌ನಲ್ಲಿ, ಪರಪ್ಪನ ಅಗ್ರಹಾರದ ವಿಡಿಯೋಗಳು ಹೊರಬಂದಾಗ ಅದೇ ಮನುಷ್ಯ ಮೊಬೈಲ್ ಹಿಡಿದಿದ್ದ, ಕೋಣೆಯಲ್ಲಿ ಟಿ.ವಿ. ಇತ್ತು. ನಿಯಮ ಮುರಿದು ಹಿಂಸಿಸಿದ ವ್ಯವಸ್ಥೆಯೇ ನಿಯಮ ಮುರಿದು ಉಪಚರಿಸಿತು. ಹಿಂಸೆಗೂ ಉಪಚಾರಕ್ಕೂ ಬೇರು ಒಂದೇ: ಬೀಗದ ಕೈ ಹಿಡಿದವನ ಇಷ್ಟ ಕಾನೂನಿಗಿಂತ ದೊಡ್ಡದಾಗುವುದು.

ಪರಪ್ಪನ ಅಗ್ರಹಾರದ ಪುಟಗಳನ್ನು ಇನ್ನಷ್ಟು ತಿರುವಿ. 2014ರ ಸೆಪ್ಟೆಂಬರ್ 27ರಂದು, ನಮ್ಮ ಮೇಲುಕೋಟೆಯಲ್ಲಿ ಹುಟ್ಟಿ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅಕ್ರಮ ಆಸ್ತಿ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿ ಅಲ್ಲಿಗೆ ಹೋದರು. ಮೂರು ವಾರದಲ್ಲಿ ಜಾಮೀನಿನ ಮೇಲೆ ಹೊರಬಂದರು. ಅವರ ಆಪ್ತೆ ಶಶಿಕಲಾ 2017ರ ಫೆಬ್ರವರಿಯಲ್ಲಿ ಶರಣಾಗಿ 2021ರ ಜನವರಿಯವರೆಗೆ ಇದ್ದರು. 2017ರ ಜುಲೈನಲ್ಲಿ ಆಗಿನ ಕಾರಾಗೃಹ ಡಿಐಜಿ ಡಿ. ರೂಪಾ ವರದಿ ಕೊಟ್ಟರು. ಶಶಿಕಲಾಗೆ ಪ್ರತ್ಯೇಕ ಅಡುಗೆಮನೆ, ಛಾಪಾಕಾಗದ ಹಗರಣದ ತೆಲಗಿಗೆ ಸೇವೆಗೆ ಕೈದಿಗಳು, ಇದಕ್ಕೆಲ್ಲ ಲಂಚ ನಡೆದಿದೆಯೆಂಬ ಮಾತಿದೆ ಎಂದು ಅವರು ಬರೆದರು. ಮೇಲಧಿಕಾರಿ ಅದನ್ನು ನಿರಾಕರಿಸಿದರು. ರೂಪಾ ಅವರಿಗೆ ಕೆಲವೇ ದಿನಗಳಲ್ಲಿ ವರ್ಗವಾಯಿತು. ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ನಡೆಸಿದ ತನಿಖೆ ನಿಯಮ ಮೀರಿ ಸೌಲಭ್ಯ ಕೊಟ್ಟದ್ದು ನಿಜವೆಂದು ಹೇಳಿತು.

ದರ್ಶನ್ ಪ್ರಕರಣ ಇದೇ ಸಾಲಿನದು, ಆದರೆ ಅದು ಎರಡೂ ಕಡೆಯನ್ನು ತೋರಿಸಿತು. ಮೊದಲು ಆ ಫೋಟೋ. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಪಾರ್ದಿವಾಲಾ ಮತ್ತು ಮಹಾದೇವನ್, ದರ್ಶನ್ ಅವರಿಗೆ ಸಿಕ್ಕಿದ್ದ ಜಾಮೀನನ್ನು ರದ್ದು ಮಾಡಿದರು. ಒಳಗೆ ವಿಶೇಷ ಉಪಚಾರ ನಡೆದದ್ದು ಗೊತ್ತಾದರೆ ಮೊದಲು ಅಮಾನತಾಗುವವರು ಜೈಲಿನ ಸೂಪರಿಂಟೆಂಡೆಂಟ್ ಎಂದೂ ಎಚ್ಚರಿಸಿದರು. ಮರುತಿಂಗಳು ವಿಡಿಯೋ ಕಾನ್ಫರೆನ್ಸ್ ಮೂಲಕ ಹಾಜರಾದ ದರ್ಶನ್, ಬಿಸಿಲು ಕಂಡು ದಿನಗಳಾಗಿವೆ, ಕೈಗೆ ಫಂಗಸ್ ಹತ್ತಿದೆ, ನನಗೆ ವಿಷವನ್ನಾದರೂ ಕೊಡಿ ಎಂದು ನ್ಯಾಯಾಧೀಶರಲ್ಲಿ ಕೇಳಿಕೊಂಡರು. ನ್ಯಾಯಾಲಯ ಜೈಲು ಕೈಪಿಡಿಯ ಪ್ರಕಾರ ಹಾಸಿಗೆ, ದಿಂಬು ಕೊಡಿ, ನಡೆದಾಡಲು ಬಿಡಿ ಎಂದಿತು. ಈ ಉತ್ತರ ನನಗೆ ಇಡೀ ಚರಿತ್ರೆಯ ತಿರುಳಿನಂತೆ ಕಾಣುತ್ತದೆ. ಕೈಪಿಡಿಯಲ್ಲಿ ಇದ್ದದ್ದು ಕೊಡಬೇಕು, ಇಲ್ಲದ್ದು ಕೊಡಬಾರದು, ಕೇಳಿದವನು ಯಾರೇ ಆಗಿರಲಿ. ಶಿಕ್ಷೆಯಾಗದ ಆರೋಪಿ ಮನೆಯೂಟ ಬೇಕೆಂದು ಕೋರ್ಟಿಗೆ ಅರ್ಜಿ ಹಾಕುವುದು ತಪ್ಪಲ್ಲ. ಕೋರ್ಟಿಗೆ ಹೋಗದೆ ದುಡ್ಡಿನಿಂದಲೋ ಭಯದಿಂದಲೋ ಅದನ್ನು ಪಡೆಯುವುದು ತಪ್ಪು.

ಇನ್ನು ಹೆಸರಿಲ್ಲದವರು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ಭಾರತದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರಿಗೆ ಇನ್ನೂ ಶಿಕ್ಷೆಯೇ ಆಗಿಲ್ಲ. ಜಾಮೀನು ಸಿಕ್ಕರೂ ಭದ್ರತೆ ಕೊಡಲಾರದೆ ಒಳಗೇ ಉಳಿಯುವ ಕೂಲಿಯವರು ಅವರಲ್ಲಿದ್ದಾರೆ. ಜೈಲಿನೊಳಗೆ ಕಸ ಗುಡಿಸುವ ಕೆಲಸವನ್ನು ಜಾತಿ ನೋಡಿ ಹಂಚುವ ಕೈಪಿಡಿ ನಿಯಮಗಳನ್ನು ಸುಪ್ರೀಂ ಕೋರ್ಟ್ ಅಸಿಂಧು ಎಂದದ್ದು 2024ರ ಅಕ್ಟೋಬರ್ 3ರಂದು. ಆ ಫೋಟೋ ದೇಶ ಸುತ್ತಿ ಆರು ವಾರವೂ ಆಗಿರಲಿಲ್ಲ. ಯಾವುದರ ಬಗ್ಗೆ ನಾವು ಹೆಚ್ಚು ಮಾತಾಡಿದೆವು?

ದೊಡ್ಡವರಿಗೆ ಕುರ್ಚಿ ಹಾಕಿದ್ದರಿಂದ ಆಗುವ ನಿಜವಾದ ನಷ್ಟ ಇಲ್ಲಿದೆ. ಬಿಸಿಲಿನ ಒಂದು ಗಂಟೆ, ಡಾಕ್ಟರರ ಒಂದು ಭೇಟಿ, ಕೂರಲು ಒಂದಿಷ್ಟು ಜಾಗ, ಇವೆಲ್ಲ ಜೈಲಿನಲ್ಲಿ ಅಳತೆಗೆ ಸಿಕ್ಕ ವಸ್ತುಗಳು. ಒಬ್ಬನಿಗೆ ಹೆಚ್ಚಾದದ್ದು ಇನ್ನೊಬ್ಬನ ಪಾಲಿನಿಂದ ಹೋಗಿರುತ್ತದೆ.

ಮಾಡಬೇಕಾದ ಕೆಲಸ ಹೊಸದೇನಲ್ಲ. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ, ಸರಕಾರೇತರ ಸಂದರ್ಶಕರು ಜೈಲಿಗೆ ಭೇಟಿ ಕೊಟ್ಟು ನೋಡಬೇಕೆಂಬ ವ್ಯವಸ್ಥೆ ನಿಯಮಗಳಲ್ಲೇ ಇದೆ. ಬಡ ಕೈದಿಗೆ ವಕೀಲರನ್ನು ಒದಗಿಸಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಸಂದರ್ಶಕರು ಮುಂಚೆ ತಿಳಿಸದೆ ಹೋಗಲಿ, ಕಂಡದ್ದನ್ನು ಜನರ ಮುಂದೆ ಇಡಲಿ. ಸಿಬ್ಬಂದಿ ಅಮಾನತಾದ ಪ್ರಕರಣಗಳು ಕೊನೆಗೆ ಏನಾದವು ಎಂದು ಪತ್ರಿಕೆಗಳು ಕೇಳುತ್ತಲೇ ಇರಲಿ.

ಮಂಡ್ಯ ಸೀಮೆಯ ನಾವು ಮನಸಾರೆ ಪ್ರೀತಿಸುವವರು, ಮನಸಾರೆ ಸಿಟ್ಟಾಗುವವರು. ನಾವು ಪ್ರೀತಿಸುವ ಮನುಷ್ಯ ಒಳಗಿದ್ದಾಗ ಅವನಿಗೆ ನಿಯಮದಷ್ಟೇ ಸಿಗಲಿ ಎನ್ನುವುದು ಕಷ್ಟ. ನಾವು ದ್ವೇಷಿಸುವವನು ಒಳಗಿದ್ದಾಗ ಅವನಿಗೂ ನಿಯಮದಷ್ಟು ಸಿಗಲೇಬೇಕು ಎನ್ನುವುದು ಇನ್ನೂ ಕಷ್ಟ. ಈ ಎರಡು ಕಷ್ಟದ ಮಾತುಗಳನ್ನು ಒಟ್ಟಿಗೆ ಆಡಲು ಕಲಿತರೆ, ಜತೀಂದ್ರನಾಥರೂ ಸ್ನೇಹಲತಾ ಅವರೂ ಕೇಳಿದ್ದನ್ನು ನಾವು ತಡವಾಗಿಯಾದರೂ ಕೊಟ್ಟಂತಾಗುತ್ತದೆ.