ಬಟ್ಟೆ ಒಗೆಯಲು ಮನೆಯಲ್ಲೇ ಸೋಪಿನ ನೀರು



ಬಟ್ಟೆ ಒಗೆಯೋ ವಿಚಾರ ರೈತರ ಕಾರ್ಯಕ್ರಮದಲ್ಲಿ ಯಾಕೆ ಅಂತ ಗಂಡಸರು ಎದ್ದು ಹೋಗಬೇಡಿ. ಹೊಲದ ಮಣ್ಣು ಮೆತ್ತಿದ ಪಂಚೆ ನಿಮ್ಮದು, ಒಗೆಯುವ ಕೈ ಮನೆಯಾಕೆಯದು, ಸೋಪಿಗೆ ಕೊಡುವ ಕಾಸು ಇಬ್ಬರದು. ಕೊನೆಯಲ್ಲಿ ನೆಲದ ಮಾತೂ ಬರುತ್ತದೆ.

ಮತ್ತೋಡು, ಹೊಸದುರ್ಗದ ಕಡೆ ಬಹಳಷ್ಟು ಕೊಳವೆ ಬಾವಿಗಳ ನೀರು ಗಡಸು. ಹಂಡೆಯ ಒಳಗೆ ಬಿಳೀ ಪೊರೆ ಕಟ್ಟುತ್ತದೆ, ಬೇಳೆ ಬೇಗ ಬೇಯೋದಿಲ್ಲ, ಸೋಪು ಎಷ್ಟು ಉಜ್ಜಿದರೂ ನೊರೆ ಏಳೋದಿಲ್ಲ. ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಒಡೆದ ಹಾಲಿನ ಹಾಗೆ ಗಷ್ಟಾಗುತ್ತದೆ. ಆ ಗಷ್ಟೇ ನೂಲಿಗೆ ಹತ್ತಿಕೊಂಡು ಬಿಳೀ ಬಟ್ಟೆ ಮಾಸಲಾಗುತ್ತದೆ. ಒಗೆದವರ ಕೈ ತಪ್ಪಲ್ಲ ಅದು, ನೀರಿನ ಗುಣ.

ಸ್ವಲ್ಪ ಲೆಕ್ಕ ಹಾಕೋಣ. ಲೀಟರಿಗೆ 300 ಮಿಲಿಗ್ರಾಂ ಗಡಸುತನ ಇರುವ ನೀರನ್ನು 15 ಲೀಟರಿನ ಬಕೆಟ್ಟಿಗೆ ತುಂಬಿದಿರಿ ಅನ್ನಿ. ಕೊಳೆಯ ತಂಟೆಗೆ ಹೋಗುವ ಮೊದಲೇ ಸುಮಾರು 25 ಗ್ರಾಂ ಸೋಪನ್ನು ಆ ನೀರೇ ನುಂಗಿಬಿಡುತ್ತದೆ. 150 ಗ್ರಾಂ ಬಿಲ್ಲೆಯಲ್ಲಿ ಅದು ಆರನೇ ಒಂದು ಪಾಲು. ಅಷ್ಟು ಸುಣ್ಣವನ್ನು ತಳಕ್ಕಿಳಿಸಲು ಬಟ್ಟೆ ಸೋಡಾ ಎಷ್ಟು ಬೇಕು ಗೊತ್ತೇ? ಪುಡಿಯಾದರೆ 5 ಗ್ರಾಂ, ಹರಳಾದರೆ 13 ಗ್ರಾಂ. ಸೋಪು ತುಟ್ಟಿ, ಸೋಡಾ ಅಗ್ಗ. ಅಗ್ಗದ ಕೆಲಸಕ್ಕೆ ತುಟ್ಟಿಯದನ್ನು ಯಾಕೆ ಸುರಿಯಬೇಕು?

ಹಿಂದಿನವರಿಗೆ ಇದು ತಿಳಿದಿತ್ತು. ಅಗಸರು ಸೌಳು ಮಣ್ಣಿನ ನೀರಲ್ಲಿ ಬಟ್ಟೆ ನೆನೆಸಿ ಉಬ್ಬೆ ಹಾಕುತ್ತಿದ್ದರು. ಆ ಮಣ್ಣಿನಲ್ಲಿ ಇದ್ದದ್ದು ಇದೇ ಸೋಡಾ. ಮತ್ತೋಡಿನವರಿಗಂತೂ ಸೌಳು ಹೊಸದಲ್ಲ. ಒಂದು ಕಾಲಕ್ಕೆ ಈ ಊರು ಬಳೆಯ ಗಾಜಿಗೆ ಹೆಸರಾಗಿತ್ತು. ಬುಕನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ 1800-01ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಇಲ್ಲಿನ ಗಾಜಿನ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಬಿಳಿಗಲ್ಲಿನ ಪುಡಿಯನ್ನು ಕುಲುಮೆಯಲ್ಲಿ ಕರಗಿಸಲು ಬೇಕಾದದ್ದೂ ಸೌಳೇ. ಬಳೆಯ ಕುಲುಮೆ ಆರಿಹೋಯಿತು, ಸೋಡಾ ಮಾತ್ರ ಅಂಗಡಿಯ ಪೊಟ್ಟಣದಲ್ಲಿ ಸಿಗುತ್ತಿದೆ.

ಈಗ ಮಾಡುವ ಕ್ರಮ. ಒಂದು 150 ಗ್ರಾಂ ಬಟ್ಟೆ ಸೋಪಿನ ಬಿಲ್ಲೆ, 100 ಗ್ರಾಂ ಬಟ್ಟೆ ಸೋಡಾ, 4 ಲೀಟರ್ ನೀರು. ಮಳೆ ನೀರು ಸಿಕ್ಕರೆ ಬಹಳ ಒಳ್ಳೇದು. ಬಿಲ್ಲೆ ಎಣ್ಣೆಯಿಂದ ಮಾಡಿದ ನಿಜವಾದ ಸೋಪಾಗಿರಲಿ. ಹೊದಿಕೆ ಮೇಲೆ ಡಿಟರ್ಜೆಂಟ್ ಅಂತ ಬರೆದಿದ್ದರೆ ಈ ಕೆಲಸಕ್ಕೆ ಬೇಡ. ಸೋಡಾ ಕೂಡ ಅಡುಗೆ ಸೋಡಾ ಅಲ್ಲ, ಕೇಳಿ ತನ್ನಿ. ಬಿಲ್ಲೆಯನ್ನು ಕೊಬ್ಬರಿ ತುರಿದ ಹಾಗೆ ತುರಿಯಿರಿ. ಆದರೆ ಅದಕ್ಕೆ ಬೇರೆ ತುರಿಮಣೆ ಇರಲಿ, ಇಲ್ಲವೇ ಹಳೇ ಚಾಕುವಿನಿಂದ ತೆಳ್ಳಗೆ ಹೆರೆಯಿರಿ. ಒಂದು ಲೀಟರ್ ನೀರು ಚೆನ್ನಾಗಿ ಕಾಯಿಸಿ, ತುರಿ ಹಾಕಿ, ಸಣ್ಣ ಉರಿಯಲ್ಲಿ ಪೂರಾ ಕರಗುವ ತನಕ ಕೋಲಿನಿಂದ ತಿರುವಿ. ಕುದಿಸಿದರೆ ಉಕ್ಕುತ್ತದೆ, ಒಲೆ ಆರುತ್ತದೆ. ಇಳಿಸಿ, ಸೋಡಾ ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಸಿ. ಉಳಿದ 3 ಲೀಟರ್ ನೀರು ಸೇರಿಸಿ ಮುಚ್ಚಿಡಿ. ಬೆಳಗಾಗುವ ಹೊತ್ತಿಗೆ ಗಂಜಿಯ ಹಾಗೆ ಗಟ್ಟಿಯಾಗಿರುತ್ತದೆ. ಕೆಟ್ಟಿತು ಅಂದುಕೊಳ್ಳಬೇಡಿ, ಕಲಕಿದರೆ ಸರಿಹೋಗುತ್ತದೆ. ಪಾತ್ರೆ ಸ್ಟೀಲಿನದೋ ಕಬ್ಬಿಣದ್ದೋ ಇರಲಿ. ಅಲ್ಯೂಮಿನಿಯಂ ಬೇಡವೇ ಬೇಡ, ಸೋಡಾ ಅದನ್ನು ತಿಂದು ಕಪ್ಪು ಮಾಡುತ್ತದೆ.

ಒಗೆಯುವಾಗ ಮೊದಲು ಬಕೆಟ್ ನೀರಿಗೆ ಒಂದು ಚಮಚ ಸೋಡಾ ಹಾಕಿ ಕಲಕಿ, ಹತ್ತು ನಿಮಿಷ ಬಿಡಿ. ಆಮೇಲೆ ಒಂದು ಲೋಟ, ಅಂದರೆ 200 ಮಿಲಿಲೀಟರ್ ಸೋಪಿನ ನೀರು. ಬಟ್ಟೆ ಅರ್ಧ ಗಂಟೆ ನೆನೆಯಲಿ. ಜಾಲಿಸುವ ಮುಂಚೆ ಗಟ್ಟಿಯಾಗಿ ಹಿಂಡಿ. ಸೋಪು ಉಳಿದ ಬಟ್ಟೆಯನ್ನು ಗಡಸು ನೀರಿಗೆ ಅದ್ದಿದರೆ ಮತ್ತೆ ಗಷ್ಟು ಹತ್ತುತ್ತದೆ. ಬಿಲ್ಲೆಯನ್ನು ಕಲ್ಲಿನ ಮೇಲೆ ಇಟ್ಟು ಒಗೆದರೆ ಒಂದಷ್ಟು ನೀರಲ್ಲೇ ಕರಗಿ ಹರಿದುಹೋಗುತ್ತದಲ್ಲ, ಅಳತೆಯ ಲೋಟದಲ್ಲಿ ಆ ನಷ್ಟವಿಲ್ಲ. ಕೈ ಒಡೆಯುವವರು ಒಗೆದ ಮೇಲೆ ಒಳ್ಳೇ ನೀರಲ್ಲಿ ಕೈ ತೊಳೆದು ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಕಂಬಳಿಗೂ ರೇಷ್ಮೆ ಸೀರೆಗೂ ಸೋಡಾ ತಾಗಿಸಬೇಡಿ. ಉಣ್ಣೆ, ರೇಷ್ಮೆಯ ಎಳೆ ಸವೆದುಹೋಗುತ್ತದೆ. ಅವಕ್ಕೆ ಅಂಟುವಾಳವೇ ಸೈ. ಹತ್ತು ಹನ್ನೆರಡು ಕಾಯಿ ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಲೀಟರ್ ನೀರಲ್ಲಿ ಕಾಲು ಗಂಟೆ ಕುದಿಸಿ ಕಿವುಚಿ ಸೋಸಿ. ಇದರ ನೊರೆ ಗಡಸು ನೀರಲ್ಲೂ ಒಡೆಯೋದಿಲ್ಲ. ಎರಡು ಮೂರು ದಿನಕ್ಕೆ ಹುಳಿ ವಾಸನೆ ಬರುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಿ. ಉಳಿದದ್ದನ್ನು ಕೆರೆಗೆ ಚೆಲ್ಲಬೇಡಿ, ಮೀನು ಸಾಯುತ್ತವೆ.

ಹೊಂಗೆ ಎಣ್ಣೆ ಮನೆಯಲ್ಲೇ ಇದೆ, ಕಾಸ್ಟಿಕ್ ಸೋಡಾ ತಂದು ಸೋಪನ್ನೇ ಕಾಸೋಣವೇ ಅಂತ ಕೆಲವರು ಕೇಳುತ್ತಾರೆ. ಮಕ್ಕಳಿರುವ ಮನೆಯಲ್ಲಿ ಬೇಡ ಅಂತಲೇ ನಾನು ಹೇಳೋದು. ಬಟ್ಟೆ ಸೋಡಾ ಬೇರೆ, ಕಾಸ್ಟಿಕ್ ಬೇರೆ. ಒಂದು ಗುಟುಕು ಒಳಗೆ ಹೋದರೆ ಗಂಟಲು, ಅನ್ನನಾಳ ಸುಟ್ಟುಹೋಗುತ್ತದೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ನಾವು ಮಾಡಿಟ್ಟ ಸೋಪಿನ ನೀರೂ ಕುಡಿಯುವ ವಸ್ತುವಲ್ಲ. ಹಳೇ ಸೋಡಾ, ಶರಬತ್ತಿನ ಬಾಟಲಿಗೆ ತುಂಬಿಡಬೇಡಿ. ಬಿಸಿಲಲ್ಲಿ ಆಡಿ ಬಂದ ಮಗು ಬಾಟಲಿ ನೋಡುತ್ತದೆಯೇ ಹೊರತು ಒಳಗಿನದನ್ನಲ್ಲ. ಅಗಲ ಬಾಯಿಯ ಡಬ್ಬ, ಬಿಗಿ ಮುಚ್ಚಳ, ಎತ್ತರದ ಗೂಡು. ಅಕಸ್ಮಾತ್ ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ. ಬಾಯಿ ಮುಕ್ಕಳಿಸಿ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಕಣ್ಣಿಗೆ ಬಿದ್ದರೆ ಕಾಲು ಗಂಟೆ ಕಾಲ ತಣ್ಣೀರು ಹಾಯಿಸುತ್ತಲೇ ಇದ್ದು, ಆಮೇಲೆ ಹೊರಡಿ.

ಇನ್ನು ನೆಲದ ಮಾತು. ಒಗೆದ ನೀರನ್ನು ದಿನಾ ಒಂದೇ ತೆಂಗಿನ ಪಾತಿಗೆ ಬಿಡುವ ರೂಢಿ ಇದೆ. ಸೋಡಾ ನೀರು ಒಂದೇ ಕಡೆ ಇಂಗಿದರೆ ಮಣ್ಣು ಬಿಗಿದುಕೊಳ್ಳುತ್ತದೆ, ಮೇಲೆ ಹೆಪ್ಪು ಕಟ್ಟುತ್ತದೆ, ನೀರು ಇಳಿಯೋದಿಲ್ಲ. ಹಿತ್ತಲಲ್ಲೇ ಸೌಳು ನೆಲ ಮಾಡಿಕೊಂಡ ಹಾಗೆ. ಮೊದಲ ನೀರನ್ನು ಬೆಳೆಯಿಲ್ಲದ ಜಾಗಕ್ಕೆ, ಬಾವಿಯಿಂದ ದೂರಕ್ಕೆ ಹರಿಸಿ. ಕೊನೆಯ ಜಾಲಿಸಿದ ನೀರನ್ನು ಇವತ್ತು ಒಂದು ಮರಕ್ಕೆ, ನಾಳೆ ಇನ್ನೊಂದಕ್ಕೆ ಹಂಚಿ. ಸೊಪ್ಪಿನ ಮಡಿಗೆ ಮಾತ್ರ ಯಾವುದನ್ನೂ ಬಿಡಬೇಡಿ. ಈಗಾಗಲೇ ಪಾತಿ ಬಿಗಿದಿದ್ದರೆ ಮಣ್ಣು ಪರೀಕ್ಷೆಗೆ ಕೊಟ್ಟು, ಅವರು ಹೇಳಿದಷ್ಟು ಜಿಪ್ಸಂ ಹಾಕಿ, ಮಳೆಗಾಲದಲ್ಲಿ ನೀರು ಚೆನ್ನಾಗಿ ಬಸಿದುಹೋಗುವಂತೆ ಕಾಲುವೆ ತೆಗೆಯಿರಿ.