ಮೂಲೆ ಸೇರಿದ ಫೋನು

ನವಿ ಮುಂಬೈನ ತುರ್ಭೆ ನಿಲ್ದಾಣದಲ್ಲಿ ಠಾಣೆಯ ಲೋಕಲ್ ಕಾಯುವವರನ್ನು ನೋಡಿ. ಎಲ್ಲರ ಕೈಯಲ್ಲೂ ಫೋನು. ಅವುಗಳಲ್ಲಿ ಎಷ್ಟೋ ಬೇಗನೆ ಮೂಲೆ ಸೇರುತ್ತವೆ. ಕೆಟ್ಟಿದ್ದಕ್ಕಲ್ಲ, ಅಪ್‌ಡೇಟ್ ನಿಂತುಹೋಗಿದ್ದಕ್ಕೆ.

ಫೋನು ಹೀಗೆ ಮೂಲೆ ಸೇರುವುದನ್ನು ಒಪ್ಪದವರೂ ಇದ್ದಾರೆ. ಹಳೆಯ ಫೋನುಗಳಿಗೂ ಹೊಸ ಆಂಡ್ರಾಯ್ಡ್ ಕೊಡುತ್ತಿದ್ದ ಸೈನೋಜೆನ್‌ಮಾಡ್ ಎಂಬ ತಂತ್ರಾಂಶ 2016ರ ಡಿಸೆಂಬರಿನಲ್ಲಿ ನಿಂತಾಗ, ಅದರ ಮುಕ್ತ ಕೋಡ್ ಹಿಡಿದು ಸ್ವಯಂಸೇವಕರು ಲಿನೇಜ್ ಓಎಸ್ ಕಟ್ಟಿದರು. ಹಳೆಯ ಫೋನಿಗೆ ಹೊಸ ಆಂಡ್ರಾಯ್ಡ್ ಕೂರಿಸುವುದು ಸುಲಭವಲ್ಲ. ಪರದೆ ಬೆಳಗುತ್ತದೆ, ಕ್ಯಾಮೆರಾ ಏಳುವುದಿಲ್ಲ. ಅದನ್ನು ನಡೆಸುವ ಡ್ರೈವರ್‌ನ ಮೂಲ ಕೋಡನ್ನು ತಯಾರಕರು ಅನೇಕ ವೇಳೆ ಕೊಟ್ಟೇ ಇರುವುದಿಲ್ಲ. ದೋಷ ಹುಡುಕಲು ಲಾಗ್ ಸಾಲುಗಳನ್ನು ಓದುತ್ತ ಯಾರೋ ರಾತ್ರಿಯಿಡೀ ಕೂರುತ್ತಾರೆ. ದಾರಿ ಸಿಕ್ಕರೆ ಎಲ್ಲರಿಗೂ ಹಂಚುತ್ತಾರೆ. ಆ ಹಂಚಿಕೆಯೇ ನನಗೆ ದೊಡ್ಡದು.

ಹಳೆಯ ಫೋನು ಎಸೆಯುವ ಮುನ್ನ, ಅದಕ್ಕೆ ಇಂಥ ತಂತ್ರಾಂಶ ಇದೆಯೇ ಎಂದು ಒಮ್ಮೆ ವಿಚಾರಿಸಿ. ಅದನ್ನು ಹಾಕುವ ಮೊದಲು ನಿಮ್ಮ ಫೋಟೊಗಳನ್ನು ಬೇರೆಡೆ ಉಳಿಸಿಕೊಳ್ಳಿ.