ಮೊದಲು ಜೀವ, ಆಮೇಲೆ ಕಾಗದ
(ಮಹಿಳಾ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಏಟು ತಿಂದು, ಸುಟ್ಟ ಗಾಯ ಹೊತ್ತು ಆಸ್ಪತ್ರೆಗೆ ಹೋದ ಹೆಣ್ಣಿಗೆ ಎರಡು ಪ್ರಶ್ನೆ ಎದುರಾಗುತ್ತವೆ: "ದೂರು ಕೊಟ್ಟಿದ್ದೀಯಾ? ಕಾರ್ಡು ತಂದಿದ್ದೀಯಾ?"

ಮೊದಲನೆಯದಕ್ಕೆ ಕಾನೂನು ಉತ್ತರ ಕೊಟ್ಟಿದೆ. ಮೊದಲು ಜೀವ ಉಳಿಸಿ, ಪೊಲೀಸ್ ಕ್ರಮ ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿತು. ಖಾಸಗಿ ವೈದ್ಯರಿಗೂ ಇದು ಅನ್ವಯ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 2006ರ ನಿಯಮಗಳ ಪ್ರಕಾರ, ಮೊದಲೇ ವರದಿ ದಾಖಲಾಗಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ವೈದ್ಯಕೀಯ ವರದಿಯ ಪ್ರತಿಯನ್ನು ಆಕೆಗೆ ಉಚಿತವಾಗಿ ಕೊಡಬೇಕು. ಕೇಳಿ ಪಡೆಯಿರಿ, ನಾಳೆ ಅದೇ ಸಾಕ್ಷಿ.

ಎರಡನೆಯ ಪ್ರಶ್ನೆಯೇ ಕಷ್ಟದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಆದರೆ ಲೆಕ್ಕ ಕುಟುಂಬದ್ದು. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನು ಕಾರ್ಡಿನ ಯಜಮಾನಿ ಮಾಡಿತು, ಒಳ್ಳೆಯದೇ. ಆದರೆ ವರದಕ್ಷಿಣೆಗಾಗಿ ಹೊರದಬ್ಬಿಸಿಕೊಂಡ ಸೊಸೆಯ ಕಾರ್ಡು ಅತ್ತೆಯ ಪೆಟ್ಟಿಗೆಯಲ್ಲೇ ಉಳಿಯುತ್ತದೆ!

ಕುಟುಂಬವೇ ಹೊಡೆದಾಗ ಕುಟುಂಬದ ಕಾರ್ಡು ಕೇಳುವುದು ಯಾವ ನ್ಯಾಯ? ಮನೆ ಬಿಟ್ಟವಳಿಗೆ ಅವಳದೇ ಹೆಸರಿನಲ್ಲಿ ಚಿಕಿತ್ಸೆ ಸಿಗಲೆಂದು ಒತ್ತಾಯಿಸೋಣ. ಅಲ್ಲಿಯವರೆಗೆ ಪ್ರತಿ ಸದಸ್ಯೆಯ, ಮದುವೆಯಾದ ಮಗಳ ಕಾರ್ಡಿನ ಜೆರಾಕ್ಸ್ ಸಂಘದಲ್ಲಿರಲಿ. ಆಸ್ಪತ್ರೆಗೆ ಯಾರೂ ಒಂಟಿಯಾಗಿ ಹೋಗದಿರಲಿ.